ಇದ್ದಿಲು ನಂಬಿದ ಮೇಷ್ಟ್ರು

ನಿದ್ದೆ ಮಾತ್ರೆಯನ್ನು ಅಳತೆ ಮೀರಿ ನುಂಗಿದವರನ್ನು ಆಸ್ಪತ್ರೆಗೆ ಕರೆತಂದಾಗ, ತುರ್ತು ಚಿಕಿತ್ಸಾ ಘಟಕದ ಕಪಾಟಿನಿಂದ ಕೆಲವೊಮ್ಮೆ ಒಂದು ಕಪ್ಪು ಪುಡಿ ಹೊರಬರುತ್ತದೆ. ನೀರಿಗೆ ಹಾಕಿ ಕಲಸಿದರೆ ಥೇಟ್ ಮಸಿ ಕದಡಿದ ಹಾಗೆ. ಅದನ್ನು ಕುಡಿಸುತ್ತಾರೆ, ಇಲ್ಲವೇ ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆಯ ಮೂಲಕ ಹಾಕುತ್ತಾರೆ. ಫೇಸ್‌ವಾಶ್, ಟೂತ್‌ಪೇಸ್ಟ್ ಜಾಹೀರಾತುಗಳಲ್ಲಿ ನಾವೆಲ್ಲ ಹೆಸರು ಕೇಳಿರುವ ಆಕ್ಟಿವೇಟೆಡ್ ಚಾರ್ಕೋಲ್ ಇದೇ. ಕನ್ನಡದಲ್ಲಿ ಹೇಳುವುದಾದರೆ ಸಕ್ರಿಯಗೊಳಿಸಿದ ಇದ್ದಿಲು. ಅಜ್ಜಿಯಂದಿರು ಹಲ್ಲುಜ್ಜಲು ಇಟ್ಟುಕೊಳ್ಳುತ್ತಿದ್ದ ಇದ್ದಿಲಿನ ಹತ್ತಿರದ ಸಂಬಂಧಿ, ಆದರೆ ಕಸುಬು ಬೇರೆ.

ಈ ಇದ್ದಿಲಿನ ಕಥೆಯಲ್ಲಿ ಹಲವು ಹೆಸರುಗಳು ಬಂದುಹೋಗುತ್ತವೆ. ನನಗೆ ಅವರಲ್ಲಿ ಹೆಚ್ಚು ಇಷ್ಟವಾದವರು ನಿಕೊಲಾಯ್ ದ್ಮಿತ್ರಿಯೆವಿಚ್ ಜೆಲಿನ್‌ಸ್ಕಿ. ರಷ್ಯಾದಲ್ಲಿ ಶಾಲಾ ಮಕ್ಕಳಿಗೂ ಗೊತ್ತಿರುವ ರಸಾಯನ ವಿಜ್ಞಾನಿ. ಮಾಸ್ಕೋದ ದೊಡ್ಡ ಸಾವಯವ ರಸಾಯನ ಸಂಸ್ಥೆಗೆ ಅವರದೇ ಹೆಸರು. ಅವರು ವೈದ್ಯರಲ್ಲ, ಯಾವ ರೋಗಿಗೂ ಔಷಧ ಕೊಟ್ಟವರಲ್ಲ. ಆದರೂ ಇದ್ದಿಲಿನಿಂದ ಜೀವ ಉಳಿಸಬಹುದು ಎಂಬುದನ್ನು ಲಕ್ಷಗಟ್ಟಲೆ ಜನರ ಮಟ್ಟದಲ್ಲಿ ತೋರಿಸಿಕೊಟ್ಟವರು ಅವರೇ.

ಜೆಲಿನ್‌ಸ್ಕಿ ಹುಟ್ಟಿದ್ದು 1861ರ ಫೆಬ್ರುವರಿ 6ರಂದು, ನೀಸ್ಟರ್ ನದಿಯ ದಡದ ತಿರಾಸ್‌ಪೋಲ್ ಎಂಬ ಸಣ್ಣ ಊರಿನಲ್ಲಿ. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ತಂದೆ ಕ್ಷಯದಿಂದ ತೀರಿಕೊಂಡರು. ಮತ್ತೆರಡು ವರ್ಷಕ್ಕೆ ತಾಯಿಯೂ ಅದೇ ರೋಗಕ್ಕೆ ತುತ್ತಾದರು. ಕ್ಷಯಕ್ಕೆ ಮದ್ದೇ ಇಲ್ಲದ ಕಾಲ ಅದು. ಉಳಿದವರು ಅಜ್ಜಿ ಮಾರಿಯಾ ಪೆಟ್ರೋವ್ನಾ ಒಬ್ಬರೇ. ತಂದೆ ತಾಯಿಯನ್ನು ತಿಂದ ಕಾಯಿಲೆ ಮೊಮ್ಮಗನನ್ನೂ ಬಿಡಲಾರದು ಎಂಬ ಹೆದರಿಕೆ ಆಕೆಗೆ. ಹಾಗಾಗಿ ಬೇಸಿಗೆ ಬಂತೆಂದರೆ ಹುಡುಗನನ್ನು ಹಳ್ಳಿಗೆ ಸಾಗಹಾಕುವುದು, ಗಾಳಿ ಬಿಸಿಲಿಗೆ ಒಡ್ಡುವುದು, ಓಡಾಡಿಸುವುದು. ಅಜ್ಜಿಯ ಚಿಕಿತ್ಸೆ ಎಂದರೆ ಅಷ್ಟೇ. ಹುಡುಗ ಗಟ್ಟಿಮುಟ್ಟಾಗಿ ಬೆಳೆದ.

ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಮುಂದಿನ ಓದಿಗೆ ಒಡೆಸ್ಸಾ ಪಟ್ಟಣ. 1880ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಮುಂದೆ ನೊಬೆಲ್ ಪಡೆಯಲಿದ್ದ ಮೆಚ್ನಿಕೋವ್ ಅಂಥವರು ಅಲ್ಲಿ ಪಾಠ ಮಾಡುತ್ತಿದ್ದರು. 1884ರಲ್ಲಿ ಪದವಿ. ಪ್ರತಿಭಾವಂತ ಎಂದು ವಿಶ್ವವಿದ್ಯಾಲಯವೇ ಅವರನ್ನು ಜರ್ಮನಿಗೆ ಕಳುಹಿಸಿತು. ಮೊದಲು ಲೈಪ್ಜಿಗ್, ಆಮೇಲೆ ಗಾಟಿಂಗೆನ್. ಗಾಟಿಂಗೆನ್‌ನಲ್ಲಿ ಗುರುವಾಗಿ ಸಿಕ್ಕವರು ವಿಕ್ಟರ್ ಮೇಯರ್. ಗಂಧಕದ ಒಂದು ಸಂಯುಕ್ತವನ್ನು ತಯಾರಿಸುವ ಕೆಲಸವನ್ನು ಅವರು ಈ ಹೊಸ ಹುಡುಗನಿಗೆ ಒಪ್ಪಿಸಿದರು. ಅದರ ದಾರಿಯಲ್ಲಿ, ಮಧ್ಯಂತರ ಹಂತದಲ್ಲಿ, ಎಣ್ಣೆಯಂಥ ಒಂದು ದ್ರವ ತಯಾರಾಯಿತು. ಮುಟ್ಟಿದಾಗ ಏನೂ ಅನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಚರ್ಮ ಉರಿಯಲು ತೊಡಗಿ ಬೊಬ್ಬೆ ಏಳುತ್ತದೆ. ಜೆಲಿನ್‌ಸ್ಕಿಯ ಕೈ, ಮೈ ಸುಟ್ಟವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಆ ದ್ರವಕ್ಕೆ ಮುಂದೆ ಜಗತ್ತು ಇಟ್ಟ ಹೆಸರು ಮಸ್ಟರ್ಡ್ ಗ್ಯಾಸ್. 1917ರಲ್ಲಿ ಅದು ಯುದ್ಧಭೂಮಿಗೆ ಬಂದಾಗ ಸಾವಿರಾರು ಸೈನಿಕರು ಅನುಭವಿಸಿದ ಯಾತನೆಯನ್ನು ಮೂವತ್ತು ವರ್ಷ ಮೊದಲೇ ಪ್ರಯೋಗಾಲಯದಲ್ಲಿ ಅನುಭವಿಸಿದ ಮೊದಲಿಗರಲ್ಲಿ ಈ ವಿದ್ಯಾರ್ಥಿ ಒಬ್ಬ. ಲ್ಯಾಬ್‌ನಲ್ಲಿ ಗ್ಲೌಸ್ ಹಾಕಿಕೊಳ್ಳಿ ಎಂದು ಹೇಳಿಸಿಕೊಂಡು ಬೇಸರಪಡುವ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದಬೇಕು.

ಊರಿಗೆ ಮರಳಿದ ಮೇಲೆ ಒಡೆಸ್ಸಾದಲ್ಲೇ ಪಾಠ, ಸಂಶೋಧನೆ. 1891ರಲ್ಲಿ ಡಾಕ್ಟರೇಟ್. ಅದೇ ವರ್ಷ ಕಪ್ಪು ಸಮುದ್ರದ ಒಂದು ಸಂಶೋಧನಾ ಯಾನದಲ್ಲಿ ಹೋಗಿ, ಆ ಸಮುದ್ರದ ಆಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಿರುವುದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದರು. 1893ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಪೆಟ್ರೋಲಿಯಂ, ವೇಗವರ್ಧಕಗಳು, ಅವರ ಮುಖ್ಯ ಸಂಶೋಧನೆ ಎಲ್ಲ ಇಲ್ಲಿ ನಡೆದದ್ದು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ, ಮಾಸ್ಕೋದ ಮಹಿಳಾ ಉನ್ನತ ಶಿಕ್ಷಣ ತರಗತಿಗಳಲ್ಲೂ ರಸಾಯನ ವಿಜ್ಞಾನ ಕಲಿಸುತ್ತಿದ್ದರು.

ಹದಿನೆಂಟು ವರ್ಷ ಹೀಗೆ ಸುಖವಾಗಿ ಸಾಗಿತು. 1911ರಲ್ಲಿ ಶಿಕ್ಷಣ ಮಂತ್ರಿ ಕಾಸ್ಸೊ ವಿದ್ಯಾರ್ಥಿಗಳ ಸಭೆಗಳನ್ನು ನಿಷೇಧಿಸಿ ವಿಶ್ವವಿದ್ಯಾಲಯದೊಳಕ್ಕೆ ಪೊಲೀಸರನ್ನು ಬಿಟ್ಟರು. ಪ್ರತಿಭಟಿಸಿ ರೆಕ್ಟರ್ ಮತ್ತು ಅವರ ಜೊತೆಗಾರರು ರಾಜೀನಾಮೆ ಕೊಟ್ಟರು. ಅವರ ಬೆಂಬಲಕ್ಕೆ ನೂರಕ್ಕೂ ಹೆಚ್ಚು ಅಧ್ಯಾಪಕರು ಕೆಲಸ ಬಿಟ್ಟು ಹೊರನಡೆದರು. ಜೆಲಿನ್‌ಸ್ಕಿ ಆ ಗುಂಪಿನಲ್ಲಿದ್ದರು. ವಯಸ್ಸು ಐವತ್ತು. ಕೈಯಾರೆ ಕಟ್ಟಿದ ಪ್ರಯೋಗಾಲಯ, ಶಿಷ್ಯರು, ಸಂಬಳ ಎಲ್ಲವನ್ನೂ ಬಿಟ್ಟು ಬರುವುದು ಎಂದರೆ ಏನು ಎಂಬುದು ಕೆಲಸ ಹುಡುಕುತ್ತಿರುವವರಿಗೆ ಹೇಳಬೇಕಿಲ್ಲ.

ಅವರು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ಸಿಕ್ಕಿದ್ದು ಹಣಕಾಸು ಸಚಿವಾಲಯದ ಕೇಂದ್ರ ಪ್ರಯೋಗಾಲಯದ ಮುಖ್ಯಸ್ಥನ ಕೆಲಸ. ಮಾಸ್ಕೋಗೆ ಹೋಲಿಸಿದರೆ ಬಡ ಪ್ರಯೋಗಾಲಯ. ಹಣಕಾಸು ಸಚಿವಾಲಯಕ್ಕೂ ರಸಾಯನಕ್ಕೂ ಏನು ಸಂಬಂಧ ಅನ್ನುತ್ತೀರಾ? ರಷ್ಯಾದಲ್ಲಿ ಆಗ ವೋಡ್ಕಾ ಮಾರಾಟ ಸರ್ಕಾರದ ಏಕಸ್ವಾಮ್ಯ. ಬೊಕ್ಕಸಕ್ಕೆ ಅದರಿಂದಲೇ ದೊಡ್ಡ ಆದಾಯ. ಮದ್ಯಸಾರದ ಕೆಟ್ಟ ವಾಸನೆ, ಕಲ್ಮಶ ತೆಗೆಯಲು ಬರ್ಚ್ ಮರದ ಇದ್ದಿಲಿನ ಮೂಲಕ ಅದನ್ನು ಸೋಸುತ್ತಿದ್ದರು. ಈ ಉಪಾಯಕ್ಕೆ ಮೂಲವೂ ಅದೇ ಊರು. 1785ರಲ್ಲಿ ಅಲ್ಲಿನ ಅರಮನೆಯ ಔಷಧಾಲಯದಲ್ಲಿ ಕೆಲಸಕ್ಕಿದ್ದ ಟೋಬಿಯಾಸ್ ಲೋವಿಟ್ಜ್, ಕಂದುಬಣ್ಣದ ದ್ರಾವಣಕ್ಕೆ ಇದ್ದಿಲು ಬಿದ್ದರೆ ಅದು ತಿಳಿಯಾಗುತ್ತದೆ ಎಂಬುದನ್ನು ಕಂಡುಕೊಂಡಿದ್ದ. ದ್ರವದಲ್ಲಿರುವ ವಸ್ತುಗಳನ್ನು ಇದ್ದಿಲು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ ಎಂಬ ತಿಳಿವಳಿಕೆ ಶುರುವಾದದ್ದು ಹಾಗೆ. ಹೀಗೆ ಮಾಸ್ಕೋದಿಂದ ಕೆಲಸ ಬಿಟ್ಟುಬಂದ ಮೇಷ್ಟ್ರಿಗೆ ಇದ್ದಿಲಿನ ಸಹವಾಸ ಗಟ್ಟಿಯಾಯಿತು. ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ನರು ಗಾಳಿಗೆ ಕ್ಲೋರಿನ್ ಬಿಟ್ಟರು. ಮೇ 31ರಂದು ವಾರ್ಸಾ ಸಮೀಪ ರಷ್ಯಾದ ಸೈನ್ಯದ ಮೇಲೂ ಅದೇ ದಾಳಿ. ಕಂದಕಗಳಲ್ಲಿ ಕುಳಿತಿದ್ದ ಸಾವಿರಾರು ಸೈನಿಕರು ಉಸಿರುಕಟ್ಟಿ ನರಳಿದರು. ತುರ್ತಾಗಿ ಹಂಚಿದ್ದು ಔಷಧದ ದ್ರಾವಣದಲ್ಲಿ ಅದ್ದಿದ ಬಟ್ಟೆಪಟ್ಟಿಗಳನ್ನು. ಆ ದ್ರಾವಣ ಕ್ಲೋರಿನ್ ಜೊತೆ ಪ್ರತಿಕ್ರಿಯಿಸಿ ಅದನ್ನು ನಿರ್ವಿಷಗೊಳಿಸುತ್ತಿತ್ತು.

ಜೆಲಿನ್‌ಸ್ಕಿ ಕುಳಿತು ಯೋಚಿಸಿದ್ದು ಇಲ್ಲಿ. ಇಂದು ಕ್ಲೋರಿನ್, ಸರಿ. ನಾಳೆ ಶತ್ರು ಬೇರೆ ಅನಿಲ ತಂದರೆ? ಒಂದೊಂದು ವಿಷಕ್ಕೆ ಒಂದೊಂದು ಪ್ರತಿವಿಷ ಹುಡುಕುತ್ತಾ ಕೂತರೆ ಶತ್ರು ಯಾವಾಗಲೂ ಒಂದು ಹೆಜ್ಜೆ ಮುಂದೆಯೇ ಇರುತ್ತಾನೆ. ಬೇಕಿರುವುದು ವಿಷದ ಹೆಸರು ಕೇಳದೆ ಹಿಡಿದುಹಾಕುವ ವಸ್ತು. ಅದೂ ಉಸಿರಾಟಕ್ಕೆ ಬೇಕಾದ ಆಮ್ಲಜನಕವನ್ನು ಮಾತ್ರ ಬಿಟ್ಟುಕೊಡಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜರ್ಮನ್ನರು ಫಾಸ್ಜೀನ್ ಪ್ರಯೋಗಿಸಿದಾಗ ಅವರ ಅನುಮಾನ ನಿಜವಾಯಿತು.

ಪತ್ರಿಕೆಗಳಲ್ಲಿ ಬರುತ್ತಿದ್ದ ಯುದ್ಧದ ವರದಿಗಳಲ್ಲಿ ಒಂದು ಸಣ್ಣ ವಿಷಯ ಅವರ ಗಮನ ಸೆಳೆಯಿತು. ದಾಳಿಯಲ್ಲಿ ಬದುಕಿ ಉಳಿದ ಕೆಲವರು ಮುಖವನ್ನು ಸಡಿಲ ಮಣ್ಣಿಗೆ ಒತ್ತಿ ಉಸಿರಾಡಿದ್ದರು. ಮತ್ತೆ ಕೆಲವರು ದಪ್ಪ ಕೋಟನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ಮಣ್ಣು, ಉಣ್ಣೆ, ಎರಡೂ ರಂಧ್ರಗಳಿರುವ ವಸ್ತುಗಳು. ಹಾಗಿದ್ದರೆ ರಂಧ್ರಗಳಲ್ಲಿ ಇದ್ದಿಲನ್ನು ಮೀರಿಸುವುದು ಯಾವುದು?

ಪ್ರಯೋಗ ಸರಳವಾಗಿತ್ತು, ಭಯಂಕರವೂ ಆಗಿತ್ತು. ಖಾಲಿ ಕೋಣೆಯಲ್ಲಿ ಗಂಧಕ ಸುಟ್ಟು, ಯಾರೂ ನಿಲ್ಲಲಾಗದಷ್ಟು ಹೊಗೆ ತುಂಬಿಸಿದರು. ಕರವಸ್ತ್ರದಲ್ಲಿ ಹರಳು ಇದ್ದಿಲನ್ನು ಸುತ್ತಿ ಮೂಗು ಬಾಯಿಗೆ ಒತ್ತಿಕೊಂಡು ಜೆಲಿನ್‌ಸ್ಕಿ ಮತ್ತು ಸಹೋದ್ಯೋಗಿಗಳು ಒಳಗೆ ನಡೆದರು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಒಳಗಿದ್ದು ಆರಾಮವಾಗಿ ಹೊರಗೆ ಬಂದರು. ಗಾಟಿಂಗೆನ್‌ನಲ್ಲಿ ಒಮ್ಮೆ ಮೈ ಸುಟ್ಟುಕೊಂಡಿದ್ದ ಮನುಷ್ಯ ಮತ್ತೆ ವಿಷಾನಿಲದ ಕೋಣೆಗೆ ತಾನೇ ಮೊದಲು ಹೋಗುತ್ತಾನಲ್ಲ, ಅದನ್ನು ಓದಿದಾಗ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಎಲ್ಲ ಇದ್ದಿಲೂ ಒಂದೇ ಅಲ್ಲ. ಒಲೆಯಿಂದ ತೆಗೆದ ಇದ್ದಿಲಿನ ರಂಧ್ರಗಳಲ್ಲಿ ಡಾಂಬರಿನಂಥ ಪದಾರ್ಥ ತುಂಬಿಕೊಂಡಿರುತ್ತದೆ. ಅದನ್ನು ಮತ್ತೆ ಹೆಚ್ಚಿನ ಉಷ್ಣತೆಗೆ ಕಾಯಿಸಿದರೆ ಆ ರಂಧ್ರಗಳು ತೆರೆದುಕೊಳ್ಳುತ್ತವೆ, ಹೊಸವೂ ಹುಟ್ಟುತ್ತವೆ. ಸಕ್ರಿಯಗೊಳಿಸುವುದು ಎಂದರೆ ಇದೇ. ಜೆಲಿನ್‌ಸ್ಕಿ ಮತ್ತು ಅವರ ಸಹಾಯಕ ಸಾದಿಕೋವ್ ಬರ್ಚ್ ಇದ್ದಿಲನ್ನು ಹೀಗೆ ಹದಮಾಡಿದರು. (ನ್ಯಾಯವಾಗಿ ಹೇಳಬೇಕೆಂದರೆ, ಇದ್ದಿಲನ್ನು ಸಕ್ರಿಯಗೊಳಿಸುವ ವಿಧಾನಕ್ಕೆ ಓಸ್ಟ್ರೆಯ್ಕೊ ಎಂಬಾತ ಶತಮಾನದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದ. ರಷ್ಯಾದ ಪುಸ್ತಕಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ.) ಈಗಿನ ಒಳ್ಳೆಯ ಆಕ್ಟಿವೇಟೆಡ್ ಚಾರ್ಕೋಲಿನ ಒಂದು ಗ್ರಾಮಿನಲ್ಲಿ ಒಳಗಿನ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ಅಂದರೆ ಏಳೆಂಟು ಕಬಡ್ಡಿ ಅಂಕಣಗಳಷ್ಟು ಜಾಗ ಒಂದು ಚಿಟಿಕೆ ಪುಡಿಯಲ್ಲಿ! ವಿಷದ ಅಣುಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಸ್ಪಂಜು ನೀರು ಹೀರಿದಂತೆ ಅಲ್ಲ, ಗೋಡೆಗೆ ದೂಳು ಕೂತಂತೆ.

ಪೆಟ್ರೋಗ್ರಾದ್‌ನ ತ್ರಿಕೋನ ಹೆಸರಿನ ರಬ್ಬರ್ ಕಾರ್ಖಾನೆಯ ಎಂಜಿನಿಯರ್ ಕುಮ್ಮಂತ್ ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಮುಸುಕನ್ನು ತಯಾರಿಸಿದ. ಅದಕ್ಕೆ ಇದ್ದಿಲಿನ ಡಬ್ಬಿ ಜೋಡಿಸಿದರೆ ಗ್ಯಾಸ್ ಮಾಸ್ಕ್ ಸಿದ್ಧ. ಇನ್ನೇನು, ಸೈನಿಕರಿಗೆ ಹಂಚಿದರಾಯಿತು ಎಂದುಕೊಳ್ಳಬೇಡಿ. ಸೈನ್ಯದ ಆರೋಗ್ಯ ಇಲಾಖೆಯ ಮುಖ್ಯಸ್ಥ ಚಕ್ರವರ್ತಿಯ ಸಂಬಂಧಿ, ಓಲ್ಡೆನ್‌ಬರ್ಗ್‌ನ ರಾಜಕುಮಾರ. ಅವನ ಒಲವು ಬೇರೊಂದು ಸಂಸ್ಥೆಯ ಮಾಸ್ಕಿನ ಕಡೆ. ಪರೀಕ್ಷೆ, ಮರುಪರೀಕ್ಷೆ, ಸಮಿತಿ, ಕಡತ ಎಂದು ತಿಂಗಳುಗಳು ಉರುಳಿದವು. ಆ ಒಂದೊಂದು ತಿಂಗಳಿಗೂ ಕಂದಕಗಳಲ್ಲಿ ಎಷ್ಟು ಜನ ಸತ್ತರೋ. 1916ರ ಆರಂಭದಲ್ಲಿ ನಡೆದ ಪರೀಕ್ಷೆಗಳಲ್ಲಿ ಇದ್ದಿಲಿನ ಮಾಸ್ಕ್ ಗೆದ್ದ ಮೇಲೆಯೇ ದೊಡ್ಡ ಪ್ರಮಾಣದ ತಯಾರಿಕೆ ಶುರುವಾದದ್ದು. ಯುದ್ಧ ಮುಗಿಯುವುದರೊಳಗೆ ರಷ್ಯಾದ ಸೈನ್ಯಕ್ಕೆ ಒಂದು ಕೋಟಿಗೂ ಹೆಚ್ಚು ಮಾಸ್ಕ್‌ಗಳು ತಲುಪಿದವು. ಮಿತ್ರರಾಷ್ಟ್ರಗಳಿಗೂ ಮಾದರಿಗಳು ಹೋದವು. ರಬ್ಬರ್ ಮುಸುಕಿಗೆ ಕುಮ್ಮಂತ್ ಪೇಟೆಂಟ್ ಪಡೆದ. ಜೆಲಿನ್‌ಸ್ಕಿ ಇದ್ದಿಲಿಗೆ ಪೇಟೆಂಟ್ ಪಡೆಯಲಿಲ್ಲ. ಜೀವ ಉಳಿಸುವ ವಸ್ತುವಿನಿಂದ ಹಣ ಮಾಡುವುದು ಸರಿಯಲ್ಲ ಎಂಬುದು ಅವರ ನಿಲುವಾಗಿತ್ತು.

ಆದರೆ 1917ರಲ್ಲಿ ಬಂದ ಮಸ್ಟರ್ಡ್ ಗ್ಯಾಸ್ ಮಾತ್ರ ಮಾಸ್ಕಿಗೂ ಪೂರ್ತಿ ಬಗ್ಗಲಿಲ್ಲ. ಅದು ಚರ್ಮವನ್ನೇ ಸುಡುತ್ತದೆ. ಮೂಗು ಮುಚ್ಚಿದರೆ ಮೈ ಉಳಿಯುವುದಿಲ್ಲ. ಅದನ್ನು ಜೆಲಿನ್‌ಸ್ಕಿಗೆ ಯಾರೂ ವಿವರಿಸಬೇಕಿರಲಿಲ್ಲ.

ಈಗ ಆಸ್ಪತ್ರೆಗೆ ಬರೋಣ. ಅವರ ಯೋಚನೆಯ ಜಾಡು ಅಲ್ಲಿ ಹಾಗೆಯೇ ಕಾಣುತ್ತದೆ. ನಿದ್ದೆ ಮಾತ್ರೆ ನುಂಗಿ ಪ್ರಜ್ಞೆ ತಪ್ಪಿದವರನ್ನು ತಂದ ಮನೆಯವರಿಗೆ ಅನೇಕ ವೇಳೆ ಯಾವ ಮಾತ್ರೆ, ಎಷ್ಟು, ಯಾವಾಗ ಎಂಬುದೇ ಗೊತ್ತಿರುವುದಿಲ್ಲ. ಹಲವು ನಿದ್ರಾಜನಕಗಳಿಗೆ ನೇರ ಪ್ರತಿವಿಷವೂ ಇಲ್ಲ. ಅಂಥಲ್ಲಿ ವಿಷದ ಹೆಸರು ಕೇಳದೆ ಹಿಡಿಯುವ ವಸ್ತುವಿಗೆ ಬೆಲೆ ಬರುತ್ತದೆ. ಹೊಟ್ಟೆಯಲ್ಲಿರುವ ಔಷಧ ರಕ್ತಕ್ಕೆ ಸೇರುವ ಮೊದಲೇ ಇದ್ದಿಲು ಅದನ್ನು ತನ್ನ ಮೈಗೆ ಅಂಟಿಸಿಕೊಂಡು ಮಲದ ಜೊತೆ ಹೊರಗೆ ಸಾಗಿಸುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ. ನುಂಗಿದ ಒಂದು ಗಂಟೆಯೊಳಗೆ ಕೊಟ್ಟರೆ ಉಪಯೋಗ ಹೆಚ್ಚು. ಆಮೇಲೆ ಇಳಿಯುತ್ತಾ ಹೋಗುತ್ತದೆ.

ಫಾರ್ಮಸಿ ಓದುವ ನನಗೆ ಪಠ್ಯದಲ್ಲಿ ಅತ್ಯಂತ ಅಚ್ಚರಿ ತಂದ ಸಂಗತಿ ಫಿನೋಬಾರ್ಬಿಟಾಲ್‌ನದು. 1912ರಲ್ಲಿ ಮಾರುಕಟ್ಟೆಗೆ ಬಂದ ಇದು ಮೂರ್ಛೆರೋಗಕ್ಕೆ ನಮ್ಮಲ್ಲಿ ಈಗಲೂ ಬಳಕೆಯಲ್ಲಿದೆ. ಅಳತೆ ಮೀರಿದರೆ ದಿನಗಟ್ಟಲೆ ಎಚ್ಚರವಿಲ್ಲದ ನಿದ್ದೆ, ಉಸಿರೇ ನಿಧಾನವಾಗಿ ನಿಲ್ಲುವ ಅಪಾಯ. 1982ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಈ ಔಷಧವನ್ನು ನೇರವಾಗಿ ರಕ್ತನಾಳಕ್ಕೇ ಕೊಟ್ಟರು. ಹೊಟ್ಟೆಗೆ ಹೋಗಲೇ ಇಲ್ಲ. ಆಮೇಲೆ ಬಾಯಿಂದ ಇದ್ದಿಲನ್ನು ಮತ್ತೆ ಮತ್ತೆ ಕೊಟ್ಟರು. ರಕ್ತದಲ್ಲಿ ಔಷಧದ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುತ್ತಿದ್ದ 110 ಗಂಟೆ 45 ಗಂಟೆಗೆ ಇಳಿಯಿತು! ಹೊಟ್ಟೆಯಲ್ಲಿದ್ದ ಇದ್ದಿಲು ರಕ್ತದಲ್ಲಿದ್ದ ಔಷಧವನ್ನು ಕರುಳಿನ ಗೋಡೆಯ ಮೂಲಕ ವಾಪಸ್ ಎಳೆದುಕೊಂಡಿತ್ತು. ಕರುಳೇ ಡಯಾಲಿಸಿಸ್ ಯಂತ್ರವಾದಂತೆ. ಅದಕ್ಕೂ ಮೊದಲು, 1960ರ ದಶಕದಲ್ಲಿ ಗ್ರೀಸ್‌ನ ವೈದ್ಯ ಯಾಟ್ಜಿಡಿಸ್, ಬಾರ್ಬಿಚುರೇಟ್ ವಿಷವೇರಿದವರ ರಕ್ತವನ್ನೇ ಇದ್ದಿಲು ತುಂಬಿದ ಕೊಳವೆಯ ಮೂಲಕ ಹಾಯಿಸಿ ಮರಳಿ ದೇಹಕ್ಕೆ ಬಿಟ್ಟಿದ್ದರು. ಜೆಲಿನ್‌ಸ್ಕಿ ಗಾಳಿಗೆ ಮಾಡಿದ್ದನ್ನು ಇವರು ರಕ್ತಕ್ಕೆ ಮಾಡಿದರು ಅಷ್ಟೇ.

ಹಾಗೆಂದು ಇದ್ದಿಲನ್ನು ಸಂಜೀವಿನಿ ಮಾಡುವುದು ಬೇಡ. ಮದ್ಯ, ಕಬ್ಬಿಣಾಂಶದ ಮಾತ್ರೆ, ಲಿಥಿಯಂ ಇವನ್ನೆಲ್ಲ ಅದು ಸರಿಯಾಗಿ ಹಿಡಿಯುವುದಿಲ್ಲ. ಆಸಿಡ್, ಸೀಮೆಎಣ್ಣೆ ಕುಡಿದವರಿಗೆ ಕೊಡುವಂತೆಯೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ನಿದ್ದೆ ಮಾತ್ರೆಯ ಪ್ರಕರಣದಲ್ಲೇ. ಅರೆಪ್ರಜ್ಞೆಯಲ್ಲಿ ಇರುವವರಿಗೆ ನುಂಗುವ, ಕೆಮ್ಮುವ ಶಕ್ತಿ ಕುಂದಿರುತ್ತದೆ. ಕಪ್ಪು ದ್ರವ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿದರೆ ಮಾತ್ರೆಗಿಂತ ಅದೇ ಕೊಲ್ಲಬಹುದು. ಆದ್ದರಿಂದ ವೈದ್ಯರು ಮೊದಲು ಶ್ವಾಸನಾಳವನ್ನು ಭದ್ರಪಡಿಸುತ್ತಾರೆ, ಉಸಿರಾಟ ನೋಡಿಕೊಳ್ಳುತ್ತಾರೆ, ಇದ್ದಿಲು ಆಮೇಲೆ. 1940ರ ದಶಕದಲ್ಲಿ ಡೆನ್ಮಾರ್ಕ್‌ನ ಕ್ಲೆಮ್ಮೆಸೆನ್ ಮತ್ತು ಸಂಗಡಿಗರು ಬಾರ್ಬಿಚುರೇಟ್ ನುಂಗಿದವರ ಉಸಿರು, ರಕ್ತದೊತ್ತಡ ಕಾಯುವುದಕ್ಕೇ ಒತ್ತು ಕೊಟ್ಟು ಸಾವಿನ ಪ್ರಮಾಣವನ್ನು ಭಾರಿಯಾಗಿ ಇಳಿಸಿದ್ದರು. ಈಗಿನ ಬಹುತೇಕ ನಿದ್ದೆ ಮಾತ್ರೆಗಳ ಪ್ರಕರಣಗಳಲ್ಲಿ ಆ ಆರೈಕೆಯೇ ಮುಖ್ಯ. ಎಷ್ಟೋ ಜನರಿಗೆ ಇದ್ದಿಲು ಬೇಕಾಗುವುದೂ ಇಲ್ಲ. ನಮ್ಮ ಕಡೆ ಇನ್ನೂ ಇರುವ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಅಭ್ಯಾಸವಂತೂ ತೂಕಡಿಸುತ್ತಿರುವವರ ಪಾಲಿಗೆ ಅಪಾಯ. 108ಕ್ಕೆ ಫೋನ್ ಮಾಡಿ, ಒಂದು ಬದಿಗೆ ಮಲಗಿಸಿ, ಸಿಕ್ಕಿದ ಮಾತ್ರೆಯ ಹಾಳೆಯನ್ನು ಜೊತೆಗೇ ಒಯ್ಯುವುದು ಒಳ್ಳೆಯದು. ಹಾಸ್ಟೆಲ್‌ನಲ್ಲಿ ಇರುವವರಿಗೆ ಇದಿಷ್ಟು ಗೊತ್ತಿರಬೇಕು. ಅಂಥ ಯೋಚನೆಯೇ ಸುಳಿಯುತ್ತಿದ್ದರೆ 14416 ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

1917ರಲ್ಲಿ ಜೆಲಿನ್‌ಸ್ಕಿ ಮಾಸ್ಕೋ ವಿಶ್ವವಿದ್ಯಾಲಯಕ್ಕೆ ಹಿಂತಿರುಗಿದರು. ಕ್ರಾಂತಿ, ಅಂತರ್ಯುದ್ಧದ ದಿನಗಳು. ಎಣ್ಣೆಬಾವಿಗಳ ಪ್ರದೇಶ ಕೈತಪ್ಪಿ ವಿಮಾನಗಳಿಗೆ ಪೆಟ್ರೋಲ್ ಇಲ್ಲ. ಆಗಲೇ ಅರವತ್ತರ ಹತ್ತಿರ ಬಂದಿದ್ದ ಇವರು ಅಲ್ಯೂಮಿನಿಯಂ ಕ್ಲೋರೈಡ್ ಬಳಸಿ ದಪ್ಪ ಕಚ್ಚಾ ಎಣ್ಣೆಯ ಗಸಿಯಿಂದ ಪೆಟ್ರೋಲ್ ತೆಗೆದರು. 1929ರಲ್ಲಿ ಅಕಾಡೆಮಿಯ ಸದಸ್ಯತ್ವ. 1934ರಲ್ಲಿ ಹುಟ್ಟಿಕೊಂಡ ಸಾವಯವ ರಸಾಯನ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ನೆಸ್ಮೆಯಾನೋವ್, ಬಲಾಂದಿನ್, ಕಜಾನ್‌ಸ್ಕಿ ಅವರಂಥ ಶಿಷ್ಯರು ಅವರ ಕೈಕೆಳಗೆ ತಯಾರಾದರು. ಎರಡನೇ ಮಹಾಯುದ್ಧದಲ್ಲಿ ಮಾಸ್ಕೋ ಬಿಟ್ಟು ಕಜಕಸ್ತಾನದ ಬೊರೊವೊಯೆಗೆ ಹೋಗಬೇಕಾಗಿ ಬಂದಾಗ ವಯಸ್ಸು ಎಂಬತ್ತು ದಾಟಿತ್ತು.

ರಷ್ಯಾದ ಔಷಧದಂಗಡಿಗಳಲ್ಲಿ ಇಂದಿಗೂ ಹೊಟ್ಟೆಗೆಟ್ಟಾಗ ಕೊಳ್ಳುವ ಕಪ್ಪು ಮಾತ್ರೆ ಆಕ್ಟಿವೇಟೆಡ್ ಚಾರ್ಕೋಲಿನದೇ. ಒಂದೊಂದರಲ್ಲಿ 250 ಮಿಲಿಗ್ರಾಂ. ಆಸ್ಪತ್ರೆಯ 50 ಗ್ರಾಂ ಪ್ರಮಾಣಕ್ಕೆ ಅಂಥ 200 ಮಾತ್ರೆ ಬೇಕು. ಹಾಗಾಗಿ ಮನೆಯ ಡಬ್ಬಿಯಲ್ಲಿರುವ ಹತ್ತು ಮಾತ್ರೆ ನಂಬಿ ಕೂರುವವರಿಗೆ ಲೆಕ್ಕ ಬರುವುದಿಲ್ಲ ಎಂದೇ ಅರ್ಥ.

ಕ್ಷಯದ ಮನೆತನದ ಹುಡುಗ ಹೆಚ್ಚು ದಿನ ಬಾಳಲಾರ ಎಂದು ಅಜ್ಜಿ ಹೆದರಿದ್ದ ನಿಕೊಲಾಯ್, 1953ರ ಜುಲೈ 31ರಂದು ಮಾಸ್ಕೋದಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ. ತಿರಾಸ್‌ಪೋಲ್‌ನಲ್ಲಿ ಅವರ ಬಾಲ್ಯ ಕಳೆದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.